ಸೌಟು, ಲಂಗರು, ಡೆಡ್‌ಲೈನ್

“ಪೇಪರ್ ಬಂತಾ ಮಾಷ್ಟ್ರೇ?”

ಬೇಲಿಯಾಚೆಯಿಂದ ಈ ಸ್ವರ ಕೇಳಿಸಿದರೆ ಗಂಟೆ ಏಳಾಯಿತೆಂದು ಲೆಕ್ಕ. ನೆರೆಮನೆಯ ರಾಯರು ಹಿಂದೆ ಉಡುಪಿಯ ಪ್ರೆಸ್ಸೊಂದರಲ್ಲಿ ಮೊಳೆ ಜೋಡಿಸುತ್ತಿದ್ದವರು. ಈಗ ಅವರಿಗೆ ಬೇಕಾದ್ದು ನಿಧನದ ಪುಟ ಮಾತ್ರ. ಕಾಪುವಿನಿಂದ ಕಾರ್ಕಳದವರೆಗೆ ಯಾರು ಹೋದರು ಎಂದು ನೋಡಿ ಮುಗಿಸಿದ ಮೇಲೆಯೇ ಚಾ.

ಮೊನ್ನೆ ಮಾತ್ರ ಪೇಪರ್ ಕೇಳದೆ, ಮಣಿಪಾಲದಲ್ಲಿ ಪತ್ರಿಕೋದ್ಯಮ ಓದುವ ಮೊಮ್ಮಗಳ ನೋಟ್‌ಬುಕ್ ಹಿಡಿದು ಬಂದರು. ಒಂದು ಸಾಲಿನಲ್ಲಿ ಇಂಗ್ಲಿಷ್ ಶಬ್ದ, ಎದುರಿಗೆ ಅರ್ಥ. ಪರೀಕ್ಷೆಗೆ ಬಾಯಿಪಾಠ.

“ಈ ಸ್ಕೂಪ್ ಅಂದ್ರೆ ಎಂತ ಮಾರಾಯ್ರೆ?”

“ಸೌಟು.”

“ಇವಳು ಬೇರೆ ಪತ್ರಿಕೆಗೆ ಸಿಗದ ಸುದ್ದಿ ಅಂತ ಬರೆದಿದ್ದಾಳಲ್ಲ?”

“ಎರಡೂ ಒಂದೇ ರಾಯರೇ. ಪಂಕ್ತಿಯಲ್ಲಿ ಬಡಿಸುವವ ಹುಳಿಯ ತಳಕ್ಕೆ ಸೌಟು ಹಾಕಿ ಹೋಳನ್ನೆಲ್ಲ ಒಬ್ಬನ ಎಲೆಗೇ ಸುರಿದರೆ ಪಕ್ಕದವನಿಗೆ ಸಿಗುವುದು ಬರೀ ರಸ.”

ಅಷ್ಟಮಠಗಳ ಊರಿನಲ್ಲಿ ಉಂಡು ಬೆಳೆದವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಡ. ರಾಯರು ಪುಟ ಮಗುಚಿದರು. ಆ್ಯಂಕರ್. ಮಲ್ಪೆಯ ಬೋಟಿನವರಿಗೆ ಅದು ಲಂಗರು, ಬೋಟು ಅಲ್ಲಾಡದಂತೆ ಹಿಡಿಯುವಂಥದ್ದು. “ಟಿವಿಯಲ್ಲಿ ಕೂತವರು ಇಡೀ ಸ್ಟುಡಿಯೋವನ್ನೇ ಅಲ್ಲಾಡಿಸ್ತಾರಲ್ಲ!” ಎಂದು ನಕ್ಕರು. ಮ್ಯಾಗಜಿನ್ ಎಂಬುದರ ಬೇರು ಅರಬ್ಬಿಯಲ್ಲಿದೆ, ಅಲ್ಲಿ ಅದು ಉಗ್ರಾಣ ಎಂದಾಗ, ಮನೆಯಲ್ಲಿ ಪೇರಿಸಿಟ್ಟ ಹಳೆಯ ‘ತರಂಗ’ಗಳು ನೆನಪಾದವೋ ಏನೋ, ಹೌದೌದೆಂದು ತಲೆಯಾಡಿಸಿದರು.

“ಡೆಡ್‌ಲೈನ್ ನನಗೆ ಗೊತ್ತುಂಟು. ಬೆಳಿಗ್ಗೆ ಬಂದು, ಮದುವೆ ಕಾಗದ ಸಂಜೆಗೇ ಬೇಕು ಅಂತ ಕೂತುಕೊಳ್ತಾರಲ್ಲ, ಅದು.”

ನನ್ನೊಳಗಿನ ಮಾಷ್ಟ್ರು ಸುಮ್ಮನಿರಲಿಲ್ಲ. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಕಾಲಕ್ಕೆ, ಆ್ಯಂಡರ್ಸನ್‌ವಿಲ್ ಎಂಬಲ್ಲಿ ಸೆರೆಶಿಬಿರವೊಂದಿತ್ತು. ಗೋಡೆಯಿಂದ ಒಂದಿಷ್ಟು ಒಳಗೆ ಸಣ್ಣದೊಂದು ಮರದ ಬೇಲಿ. ಕೈದಿ ಅದನ್ನು ದಾಟಿದರೆ ಕಾವಲುಗಾರ ಗುಂಡು ಹಾರಿಸುತ್ತಿದ್ದ. ಆ ಗೆರೆಯೇ ಡೆಡ್‌ಲೈನ್. ಪತ್ರಿಕೆಯವರ ಬಾಯಿಗೆ ಬಿದ್ದದ್ದು ಆಮೇಲೆ. ರಾಯರು ನಮ್ಮಿಬ್ಬರ ನಡುವಿನ ದಾಸವಾಳದ ಬೇಲಿಯನ್ನೊಮ್ಮೆ ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದರು.

ಅಪ್ಪರ್ ಕೇಸ್ ಬಂದಾಗ ಮಾತ್ರ ನಾನು ಶಿಷ್ಯ, ಅವರೇ ಮಾಷ್ಟ್ರು. ಇಂಗ್ಲಿಷಿನ ದೊಡ್ಡಕ್ಷರಗಳ ಮೊಳೆ ಮೇಲಿನ ಪೆಟ್ಟಿಗೆಯಲ್ಲಿ, ಸಣ್ಣಕ್ಷರದ್ದು ಕೆಳಗಿನದರಲ್ಲಿ. ಹೆಸರು ಅಲ್ಲಿಂದ ಬಂತು. “ನಮಗೆ ಅಷ್ಟು ಸುಲಭ ಎಲ್ಲಿ? ದೀರ್ಘ, ಕೊಂಬು, ಒತ್ತು, ಎಲ್ಲದಕ್ಕೂ ಬೇರೆ ಬೇರೆ ಮನೆ. ಮೊಳೆಯಲ್ಲಿ ಅಕ್ಷರ ಉಲ್ಟಾ. ನಾನು ಹಾಗೇ ಓದಿ ಓದಿ, ಮೊದಮೊದಲು ಪೇಪರಿನ ನೆಟ್ಟಗಿನ ಅಕ್ಷರವೇ ವಿಚಿತ್ರ ಕಾಣ್ತಿತ್ತು!” ಹೇಳುತ್ತಿದ್ದಂತೆ ಅವರ ಬೆರಳು ಗಾಳಿಯಲ್ಲೇ ಏನನ್ನೋ ಹೆಕ್ಕುತ್ತಿತ್ತು. ಹೆಬ್ಬೆರಳು, ತೋರುಬೆರಳು, ಟಕ್, ಟಕ್.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಮೊಗ್ಲಿಂಗ್ ಹೊರತಂದದ್ದು ಕಲ್ಲಚ್ಚಿನಲ್ಲಿ ಎಂದೆ.

“ಹಾಗಾದ್ರೆ ನಮ್ಮ ಜಾತಿಯವರಿಗೆ ಅಲ್ಲಿ ಕೆಲಸ ಇರ್ಲಿಲ್ಲ ಅನ್ನಿ,” ಎಂದರು. ಮೊಳೆಯವರ ಜಾತಿ.

ಮಣಿಪಾಲದಲ್ಲಿ ‘ಉದಯವಾಣಿ’ ಶುರುವಾದದ್ದು 1970ರ ಜನವರಿ 1ಕ್ಕೆ. ಆ ಕಾಲದ ಕಥೆ ತೆಗೆಯುವಷ್ಟರಲ್ಲಿ ಮೊಮ್ಮಗಳು ಬಂದು ನೋಟ್‌ಬುಕ್ ಕಸಿದುಕೊಂಡಳು.

“ಅಜ್ಜ, ಪರೀಕ್ಷೆಯಲ್ಲಿ ಸೌಟು ಅಂತ ಬರೆದ್ರೆ ಮಾರ್ಕು ಸಿಗ್ತದಾ?”

“ಮಾಷ್ಟ್ರನ್ನು ಕೇಳು.”

“ಅರ್ಧ ಕೊಡ್ತಿದ್ದೆ,” ಎಂದೆ. ಅವಳು ಬಸ್ಸಿಗೆ ಓಡಿದಳು.

ರಾಯರು ಪೇಪರಿಗೆ ಕೈಚಾಚಿ, ಒಳಪುಟ ಬಿಡಿಸಿ, ಫೋಟೋಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು.

“ಇವತ್ತು ನಮ್ಮ ಪೈಕಿ ಯಾರೂ ಇಲ್ಲ,” ಎಂದು ಮಡಚಿ ಕೊಟ್ಟು ಚಾ ಕುಡಿಯಲು ಹೋದರು.