ಒಂದ ವರ್ಷದ ಮಾಸ್ತರ್ರು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ನಿಂತು "ಮಾಸ್ತರ್ರ" ಎಂದು ಕೂಗಿದರೆ ಸೀರೆ ಅಂಗಡಿಯೊಂದರ ಗಾದಿಯ ಮೇಲಿಂದ ಒಬ್ಬರು ತಿರುಗಿ ನೋಡುತ್ತಾರೆ. ಅವರು ಯಾವ ಶಾಲೆಯಲ್ಲೂ ಕಲಿಸಿಲ್ಲ. ಬಿ.ಎಡ್. ಮಾಡಿಲ್ಲ, ಮಾಡುವವರಿದ್ದಾರೆ. ನಮ್ಮ ಕಡೆ ಪಿಎಸ್‌ಐ ಪರೀಕ್ಷೆಗೆ ಅರ್ಜಿ ತುಂಬಿದವನನ್ನು ಅವತ್ತಿನಿಂದಲೇ 'ಸಾಹೇಬ' ಅನ್ನುವ ರೂಢಿ. ಅರ್ಜಿಯನ್ನೂ ತುಂಬದೆ ಬಿರುದು ಗಿಟ್ಟಿಸಿದವರು ಮಾತ್ರ ಇವರೊಬ್ಬರೇ.

ಇಂಥವರು ನಿಮ್ಮ ಓಣಿಯಲ್ಲೂ ಇದ್ದಾರೆ. ವಿಮೆ ಮಾಡಿಸುವವರು, ಔಷಧ ಕಂಪನಿಯ ಬ್ಯಾಗು ಹೊತ್ತವರು, ಬೆಂಗಳೂರಿನ ಕಂಪ್ಯೂಟರ್ ನೌಕರಿಗೆ ಬೇಸತ್ತು ಬಂದವರು. ನಲವತ್ತು ಸಮೀಪಿಸಿದಾಗ ಇದ್ದಕ್ಕಿದ್ದಂತೆ 'ಟೀಚಿಂಗ್ ಲೈನ್' ನೆನಪಾಗುತ್ತದೆ. ದಸರಾ ರಜೆ, ಬೇಸಿಗೆ ರಜೆ, ಸಂಜೆ ಹೊತ್ತು ಮುಳುಗುವ ಮೊದಲೇ ಮನೆ. ಮಕ್ಕಳ ನೆನಪು ಬರುವುದು ಕೊನೆಗೆ, ಅದೂ ಯಾರಾದರೂ ನೆನಪಿಸಿದರೆ.

ನಮ್ಮ ಮಾಸ್ತರರ ಹತ್ತಿರ ಬಿ.ಎಸ್ಸಿ. ಪದವಿ ಇತ್ತು, ಬೇಕಾದ ಐವತ್ತು ಪರ್ಸೆಂಟೂ ಇತ್ತು. ಬಿ.ಎಡ್. ಆಗ ಒಂದೇ ವರ್ಷದ್ದು. "ಈ ಲಗ್ನದ ಸೀಜನ್ ಒಂದ ಮುಗೀಲಿ" ಎಂದು ತಡೆದರು. ಸೀಜನ್ ಮುಗಿಯುವುದರೊಳಗೆ ಶಿಕ್ಷಕರ ಶಿಕ್ಷಣ ಪರಿಷತ್ತಿನ 2014ರ ನಿಯಮ ಬಂತು. 2015ರಿಂದ ಬಿ.ಎಡ್. ಎರಡು ವರ್ಷವಾಯಿತು. "ಎರಡ ವರ್ಷ ಅಂದ್ರ ಬಾಳ ಆತ್ರಿ. ತಡೀರಿ, ಒಂದ ವರ್ಷದ್ದು ತಿರುಗಿ ಬರತೈತಿ" ಎಂದು ಕಾಯತೊಡಗಿದರು. ಅಷ್ಟರಲ್ಲಿ ಎರಡು ವರ್ಷದ್ದನ್ನೇ ಐದು ಸಲ ಮುಗಿಸಬಹುದಿತ್ತು. ಈ ಲೆಕ್ಕವನ್ನು ಅವರೆದುರು ಮಾಡಬಾರದು.

ಕಾಯುವವರು ಸುಮ್ಮನೆ ಕೂತಿಲ್ಲ. ಧಾರವಾಡದ ಸಪ್ತಾಪುರದ ಕೋಚಿಂಗ್ ಹುಡುಗರು ಕೂಡ ಚಿಗರಿ ಬಸ್ಸು ಹತ್ತಿ ಬಂದು ಇವರಲ್ಲಿ ಅನುಮಾನ ಬಗೆಹರಿಸಿಕೊಂಡು ಹೋಗುತ್ತಾರೆ. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯಲ್ಲಿ 150 ಪ್ರಶ್ನೆ, ಎರಡೂವರೆ ತಾಸು, ಸಾಮಾನ್ಯ ವರ್ಗಕ್ಕೆ 90 ಅಂಕ, ಎಲ್ಲಾ ಬಾಯಿಪಾಠ. ಆ ಪ್ರಮಾಣಪತ್ರಕ್ಕೆ ಏಳು ವರ್ಷವಷ್ಟೇ ಇದ್ದ ಆಯುಷ್ಯವನ್ನು 2021ರಲ್ಲಿ ಜೀವನಪರ್ಯಂತ ಮಾಡಿದಾಗ, ಲಾಕ್‌ಡೌನ್ ಮುಗಿದು ಅಂಗಡಿ ತೆರೆದ ಕೂಡಲೇ ಎಲ್ಲರಿಗೂ ಪೇಢೆ ಹಂಚಿದರು. ಬರೆಯದ ಪರೀಕ್ಷೆ ಇನ್ನು ಸಾಯುವವರೆಗೂ ಊರ್ಜಿತ! 2023ರ ಆಗಸ್ಟಿನಲ್ಲಿ, ಬಿ.ಎಡ್. ಆದವರು ಒಂದರಿಂದ ಐದನೇ ಇಯತ್ತೆಗೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದಾಗ, ಇದ್ದ ನೌಕರಿಯನ್ನೇ ಕಸಿದುಕೊಂಡರೇನೋ ಎಂಬಂತೆ ಅಂಗಡಿಯ ಬಾಗಿಲು ಹಾಕುವವರೆಗೆ ಮಾತೇ ಆಡಲಿಲ್ಲ.

ಕಲಿಸುವ ಚಟ ಮಾತ್ರ ಖರೇ. ಒಮ್ಮೆ ಕುಂದಗೋಳ ಕಡೆಯ ಹೆಣ್ಣುಮಗಳೊಬ್ಬಳು ಇಳಕಲ್ ಸೀರೆ ಕೇಳಿದಳು. ಮಾಸ್ತರರು ಮಡಿಕೆ ಬಿಚ್ಚಲಿಲ್ಲ. ಮೊದಲು ಪೂರ್ವಜ್ಞಾನ ಪರೀಕ್ಷೆ.

"ಅಕ್ಕಾರ, ಈ ಸೆರಗಿಗೆ ಏನಂತಾರ ಹೇಳ್ರಿ?"

"ಟೋಪ್ ತೆನಿ."

"ಶಾಬಾಸ್!" ಇದು ಸೂಕ್ಷ್ಮ ಬೋಧನೆಯಲ್ಲಿ ಪುನರ್ಬಲನ ಕೌಶಲ. "ಒಡಲಿನ ಎಳಿ ಬ್ಯಾರೆ, ಸೆರಗಿನ ಎಳಿ ಬ್ಯಾರೆ. ಎರಡಕ್ಕೂ ಕೊಂಡಿ ಹೆಂಗ ಹಾಕ್ತಾರ?"

"ರೇಟ್ ಹೇಳ್ರಿ ಮೊದಲ."

"ಅದು ಮೌಲ್ಯಮಾಪನದಾಗ ಬರತೈತ್ರಿ."

ಗಲ್ಲಾದಿಂದ ಸಾವ್ಕಾರರು "ಮಾಸ್ತರ್ರ, ಪೀರಿಯಡ್ ಮುಗಸ್ರಿ, ಹೊರಗ ಗಿರಾಕಿ ನಿಂತಾರ" ಎಂದರು. ಆದರೂ ಕೊಂಡಿ ಹಾಕುವ ಬಗೆ ಪೂರ್ತಿ ವಿವರಣೆಯಾಗಿ, ಆ ಹೆಣ್ಣುಮಗಳು ಒಂದರ ಬದಲು ಎರಡು ಸೀರೆ ಒಯ್ದಳು. ಹೋಗುವಾಗ ಕೇಳಿದಳು: "ನೀವು ಮೊದಲ ಸಾಲಿ ಮಾಸ್ತರ್ ಇದ್ರೇನ್ರಿ?"

"ಮೊದಲ ಅಲ್ರೀ, ಮುಂದ."

ಎರಡು ವರ್ಷದ ಬಗ್ಗೆ ಅವರ ತಕರಾರು ಪೂರ್ತಿ ಹುಸಿಯಲ್ಲ. ಬೈಲಿನ ಸ್ಟೇಷನರಿ ಅಂಗಡಿಗಳ ಮುಂದೆ ಥರ್ಮೋಕೋಲು, ಚಾರ್ಟು, ಬಣ್ಣದ ಹಾಳೆ ಹೊತ್ತ ಬಿ.ಎಡ್. ಹುಡುಗಿಯರನ್ನು ತೋರಿಸಿ "ಇವರು ಮಾಸ್ತರಕಿ ಕಲ್ಯಾಕತ್ತಾರೋ, ಗಣಪತಿ ಮಂಟಪ ಕಟ್ಟಾಕತ್ತಾರೋ?" ಎನ್ನುತ್ತಾರೆ. ಆದರೆ ಆ ಎರಡು ವರ್ಷದಲ್ಲೇ 20 ವಾರ ಶಾಲೆಯೊಳಗೆ ಕಳೆಯಬೇಕೆಂಬ ನಿಯಮವೂ ಇದೆ. ಊಟದ ಬಿಡುವಿನ ನಂತರದ ಏಳನೇ ಇಯತ್ತೆಯ ಎದುರು ನಿಂತವರಿಗೆ ಆ 20 ವಾರವೂ ಕಡಿಮೆಯೇ ಅನ್ನಿಸೀತು. ಮಾಸ್ತರರದ್ದು ಬೇರೆ ವಾದ: "ಇಂಗ್ಲೆಂಡಿನ್ಯಾಗ ಪಿಜಿಸಿಇ ಒಂದ ವರ್ಷದ್ದು. ಅಮೆರಿಕಾದ ಟೀಚ್ ಫಾರ್ ಅಮೆರಿಕಾದವರು ಬ್ಯಾಸಗ್ಯಾಗ ಕೆಲವು ವಾರ ಕಲಿಸಿ ಸೀದಾ ಕ್ಲಾಸಿಗೆ ಕಳಸ್ತಾರ." ಸಾವ್ಕಾರರು ಕೇಳಿದರು: "ಅಲ್ಲಿಗಿ ಹೋಗಾಕ ವೀಸಾ ಎಷ್ಟ ವರ್ಷಕ್ಕ ಸಿಗತೈತಿ?"

2025ರ ಆರಂಭದಲ್ಲಿ ಒಂದು ಸಂಜೆ ಗಿರ್ಮಿಟ್ ಗಾಡಿಯ ಮುಂದೆ ಸಿಕ್ಕರು. ಒಂದು ಕೈಯಲ್ಲಿ ಮಿರ್ಚಿ, ಇನ್ನೊಂದರಲ್ಲಿ ಮೊಬೈಲು. "ಬಂತ್ರೀ! ನಾ ಹೇಳಿದ್ದಿಲ್ಲ?" ಪರಿಷತ್ತಿನ ಹೊಸ ಕರಡು ನಿಯಮದಲ್ಲಿ ಒಂದು ವರ್ಷದ ಬಿ.ಎಡ್. ನಿಜವಾಗಿಯೂ ಇತ್ತು. ಗಾಡಿಯವನಿಗೆ "ಇವರಿಗೊಂದ ಪ್ಲೇಟ್ ಕೊಡ, ಪುಠಾಣಿ ಹಿಟ್ಟ ಜಾಸ್ತಿ ಹಾಕು" ಎಂದರು. ನಾನು ತಿನ್ನುತ್ತಿರುವಾಗ ಅವರು ಕೆಳಗಿನ ಸಾಲು ಓದಿದರು. ನಾಲ್ಕು ವರ್ಷದ ಪದವಿ ಇದ್ದವರಿಗೆ, ಇಲ್ಲವೇ ಸ್ನಾತಕೋತ್ತರ ಪದವಿ ಆದವರಿಗೆ ಮಾತ್ರ. ಮಾಸ್ತರರದ್ದು ಮೂರು ವರ್ಷದ ಬಿ.ಎಸ್ಸಿ.

"ಅಂದ್ರ ಒಂದ ವರ್ಷದ್ದು ಮಾಡಬೇಕಂದ್ರ ಎರಡ ವರ್ಷದ ಎಂಎ ಮಾಡಬೇಕ್ರಿ?"

ಒಂದಕ್ಕೆ ಎರಡು ಕೂಡಿದರೆ ಮೂರು. ಬಿ.ಎಸ್ಸಿ. ಗಣಿತದವರಿಗೆ ಇದು ಹೊಳೆಯದಿರಲಿಲ್ಲ. ಆದರೂ ಮಿರ್ಚಿ ಆರುವುದರೊಳಗೆ ಮತ್ತೊಂದು ದಾರಿ ಹುಡುಕಿದರು. ಯುಜಿಸಿಯ ಹೊಸ ಚೌಕಟ್ಟಿನಲ್ಲಿ ಒಂದು ವರ್ಷದ ಎಂಎಯೂ ಉಂಟು! ಅದು ಯಾರಿಗೆ ಎಂದು ನೋಡಿದರೆ, ನಾಲ್ಕು ವರ್ಷದ ಪದವಿ ಆದವರಿಗೆ. ಆ ನಾಲ್ಕು ವರ್ಷದ ಪದವಿಯೋ, ನಮ್ಮ ರಾಜ್ಯಕ್ಕೆ 2021ರಲ್ಲಿ ಬಂದು 2024ರಲ್ಲಿ ಮತ್ತೆ ಮೂರಕ್ಕೆ ಇಳಿದಿದೆ.

ಮಾಸ್ತರರು ಗಿರ್ಮಿಟಿನ ಕೊನೆಯ ಚುರುಮರಿ ಬಾಯಿಗೆ ಹಾಕಿಕೊಂಡು ಸ್ವಲ್ಪ ಹೊತ್ತು ಲೆಕ್ಕ ಮಾಡಿದರು. "ಹಂಗಾರ ಆ ನಾಕನೇ ವರ್ಷ ಒಂದನ್ನ ಎಲ್ಲೆರ ಬಿಡಿಯಾಗಿ ಕೊಡ್ತಾರೇನ್ರಿ? ಆರ ತಿಂಗಳದಾಗ ಮುಗ್ಯೂ ಹಂಗ ಇದ್ರ ನೋಡ್ರಿ."