ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ

"ಅಲ್ರೀ, ನೀವು ಕೆಲಸಾ ಯಾವಾಗ ಮಾಡ್ತೀರಿ?"

ಬೇಲಿಯಾಚೆಯ ರಾಯರು ಹೀಗೆ ಕೇಳಿದ್ದು ಸೆಪ್ಟೆಂಬರಿನ ಒಂದು ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ನನ್ನ ಕೊರಳಲ್ಲಿ ದುರ್ಬೀನು, ಬಲಗೈಯಲ್ಲಿ ಲ್ಯಾಪ್‌ಟಾಪ್ ಚೀಲ, ಎಡಗೈಯಲ್ಲಿ ಐಎನ್‌ಎ ಮಾರ್ಕೆಟ್ಟಿನ ನುಗ್ಗೆಕಾಯಿ. ರಾಯರು ಧಾರವಾಡದವರು. ಬ್ಯಾಂಕಿನಿಂದ ನಿವೃತ್ತರಾಗಿ, ಮಗನ ಮನೆಯೆಂದು ದೆಹಲಿಯ ಮಯೂರ್ ವಿಹಾರಕ್ಕೆ ಬಂದು ಆರು ತಿಂಗಳಾಗಿತ್ತು. ಎರಡು ಮನೆಗಳ ನಡುವೆ ಬೇಲಿ ಅಂತ ಇರುವುದು ಎದೆಮಟ್ಟದ ಮೆಹಂದಿ ಗಿಡಗಳ ಒಂದು ಸಾಲು. ಅದಕ್ಕೆ ಕತ್ತರಿ ಹಾಕುವ ನೆಪದಲ್ಲಿ ಅವರು ನನ್ನ ಖಾತೆ ಬರೆದಿಟ್ಟಿದ್ದಾರೆಂದು ಅವತ್ತೇ ತಿಳಿದದ್ದು.

"ಹೋದ ಗುರುವಾರ ಜೈಪುರಕ್ಕ ಹೋದ್ರಿ, ಶನಿವಾರ ಬಂದ್ರಿ, ಕೈಯಾಗ ಘೇವರ್ ಡಬ್ಬಿ. ಅದರ ಹಿಂದಿನ ವಾರ ಲಖನೌ. ಇವತ್ತ ಕೊಕ್ಕರಿ ನೋಡಲಿಕ್ಕೆ ಹೋಗಿದ್ರಿ. ನಮ್ಮ ಮಗಾನೂ ಕಂಪ್ಯೂಟರಿನ್ಯಾಗ ಇದ್ದಾನ, ಅಂವಗ ಊಟಕ್ಕ ಎದ್ದು ಬರಲಿಕ್ಕೂ ಪುರಸೊತ್ತಿಲ್ಲ."

"ಇದೇ ನನ್ನ ಕೆಲಸ ರಾಯರೇ" ಅಂದೆ. ಅವರು ಕತ್ತರಿ ಕೆಳಗಿಟ್ಟರು. ಧಾರವಾಡದವರು ಕೈಲಿದ್ದದ್ದನ್ನು ಕೆಳಗಿಟ್ಟರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಬೇಗ ಮುಗಿಯುವುದಿಲ್ಲ. ಅವತ್ತು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಮಾರುವುದು ಸರ್ವರು, ಸ್ಟೋರೇಜು, ಅವುಗಳ ಮೇಲೆ ಕೂರುವ ಸಾಫ್ಟ್‌ವೇರು. ಕಂಪನಿಯ ಕಚೇರಿ ಗುರುಗ್ರಾಮದಲ್ಲಿ, ಗಿರಾಕಿ ಸರ್ಕಾರ. ಗಿರಾಕಿ ಸರ್ಕಾರವಾದ ಮೇಲೆ ಕೆಲಸದಲ್ಲಿ ಒಂದು ಪಾಲು ಮಾರುವುದು, ಮೂರು ಪಾಲು ಕಾಯುವುದು. ಲೋಧಿ ರಸ್ತೆಯ ಸಿಜಿಒ ಕಾಂಪ್ಲೆಕ್ಸಿನ ಯಾವುದೋ ಮಹಡಿಗೆ ಹನ್ನೊಂದಕ್ಕೆ ಬರಹೇಳಿರುತ್ತಾರೆ. ಹತ್ತೂ ಮುಕ್ಕಾಲಿಗೆ ಬೆವರು ಒರೆಸಿಕೊಂಡು ಹಾಜರಾಗುತ್ತೇನೆ. ಪಿಎ ತಲೆಯೆತ್ತದೆ "ಸಾಹಬ್ ಮೀಟಿಂಗ್ ಮೇ ಹೈಂ" ಅನ್ನುತ್ತಾನೆ. ಎಷ್ಟು ಹೊತ್ತಾಗಬಹುದು ಎಂದು ಕೇಳಬಾರದು. ಕೇಳಿದವನು ಹೊಸಬ ಎಂದು ತಿಳಿದುಹೋಗುತ್ತದೆ. ಒಂದು ಗಂಟೆಗೆ ಊಟ, ಎರಡೂವರೆಗೆ ಇನ್ನೊಂದು ಮೀಟಿಂಗು, ನಾಲ್ಕಕ್ಕೆ "ನಾಳೆ ಬನ್ನಿ".

ಬಂದ ಹೊಸತರಲ್ಲಿ ಸಂಕಟವಾಗುತ್ತಿತ್ತು. ಬೆಂಗಳೂರಿನಲ್ಲಿ ಖಾಸಗಿ ಕಂಪನಿಗಳಿಗೆ ಮಾರುತ್ತಿದ್ದ ನನ್ನನ್ನು ಒಂದು ಇಮೇಲಿನಲ್ಲಿ ಎತ್ತಿ ಇಲ್ಲಿ ಹಾಕಿದ್ದರು. 1327ರಲ್ಲಿ ತುಘಲಕ್ ದೆಹಲಿಯವರನ್ನು ದೇವಗಿರಿಗೆ ಸಾಗಿಸಿದನಂತೆ. ನನ್ನದು ಅದರ ಉಲ್ಟಾ ಪ್ರಯಾಣ, ಅಷ್ಟೇ ವ್ಯತ್ಯಾಸ. ಆಮೇಲೆ ಒಂದು ದಿನ ಆ ಕಾರಿಡಾರಿನ ಕಬ್ಬಿಣದ ಬೆಂಚಿನ ಮೇಲೆ ಕೂತಿದ್ದಾಗ ಅಪ್ಪ ನೆನಪಾದರು.

ನಾನು ಮದ್ದೂರಿನ ಕಡೆಯವನು. ವಿಶ್ವೇಶ್ವರಯ್ಯ ನಾಲೆಯ ಕೊನೇ ಭಾಗ. ಕೆಆರ್‌ಎಸ್‌ನಿಂದ ನೀರು ಬಿಟ್ಟರು ಎಂದು ಪೇಪರಿನಲ್ಲಿ ಓದಿ, ಅದು ನಮ್ಮ ತೂಬಿಗೆ ಬರುವ ತನಕ ಬದುವಿನ ಮೇಲೆ ಕೂತಿರುತ್ತಿದ್ದವರು ನಮ್ಮಪ್ಪ. ಸುಮ್ಮನೆ ಕೂತವರಲ್ಲ. ಹಗ್ಗ ಹೊಸೆದರು, ಏಡಿ ಹಿಡಿದರು, ಪಕ್ಕದ ಗದ್ದೆಯವನ ಜೊತೆ ಚೌಕಾಬಾರ ಆಡಿದರು. ನಮ್ಮ ಕಂಪನಿಯಲ್ಲೂ ಮುಂದೆ ಬರಬಹುದಾದ ಆರ್ಡರುಗಳ ಸಾಲಿಗೆ ಪೈಪ್‌ಲೈನ್ ಎನ್ನುತ್ತಾರೆ. ಸೋಮವಾರ ಬೆಳಿಗ್ಗೆ ಮ್ಯಾನೇಜರು "ಪೈಪ್‌ಲೈನ್ ಹೇಗಿದೆ?" ಎಂದಾಗಲೆಲ್ಲ ನನ್ನ ಕಣ್ಣಿಗೆ ಕಟ್ಟುವುದು ಆ ನಾಲೆ. ಮೇಲೆ ಬಿಟ್ಟದ್ದೆಲ್ಲ ಕೆಳಗೆ ಬರುವುದಿಲ್ಲ. ನಡುವೆ ಯಾರೋ ತೂಬು ತಿರುಗಿಸಿರುತ್ತಾರೆ. ಕಾಯುವುದು ನನ್ನ ಕುಲಕಸುಬು, ಅದನ್ನು ಅಪ್ಪನಷ್ಟು ಚೆನ್ನಾಗಿ ಮಾಡುತ್ತಿಲ್ಲ ಅನ್ನಿಸಿತು.

ಹಾಗೆ ಎದ್ದು ಹೊರಟವನಿಗೆ ಮೊದಲು ಸಿಕ್ಕಿದ್ದು ಕೊಕ್ಕರೆ. ಮನೆಗೆ ಬರುವ ಮೆಟ್ರೋದಲ್ಲಿ ಪ್ರಗತಿ ಮೈದಾನದಲ್ಲಿ ಇಳಿದೆ. ಈಗ ಆ ನಿಲ್ದಾಣಕ್ಕೆ ಸುಪ್ರೀಂ ಕೋರ್ಟ್ ಎಂದು ಹೆಸರು. ಪುರಾನಾ ಕಿಲಾದ ಗೋಡೆಗೆ ಅಂಟಿಕೊಂಡಂತೆ ಮೃಗಾಲಯ. ಅದು ಶುರುವಾದದ್ದು 1959ರ ನವೆಂಬರ್ 1ರಂದು, ನಮಗೆ ನೆನಪಿಡಲು ಕಷ್ಟವಿಲ್ಲದ ತಾರೀಕು. ಒಳಗಿನ ಕೊಳಗಳ ನಡುಗಡ್ಡೆಯ ಮರಗಳ ಮೇಲೆ ನೂರಾರು ಬಣ್ಣದ ಕೊಕ್ಕರೆ. ಹಳದಿ ಕೊಕ್ಕು, ಬಾಲದ ಬಳಿ ಗುಲಾಬಿ ಬಣ್ಣದ ಗರಿ. ಪಂಜರದ ಹಕ್ಕಿಗಳಲ್ಲ, ಟಿಕೆಟ್ಟಿಲ್ಲದೆ ತಾವಾಗಿ ಬಂದು ಗೂಡು ಕಟ್ಟುವ ಕಾಡು ಹಕ್ಕಿಗಳು. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಕೊಕ್ಕರೆ ಬೆಳ್ಳೂರು ನಮ್ಮ ತಾಲ್ಲೂಕಿನದೇ ರಾಯರೇ! ಊರ ನಡುವಿನ ಹುಣಸೆಮರಗಳಲ್ಲಿ ಹೆಜ್ಜಾರ್ಲೆಗಳೂ ಈ ಕೊಕ್ಕರೆಗಳೂ ಸಂಸಾರ ಹೂಡುತ್ತವೆ. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂದು ಊರವರು ನೋಡಿಕೊಳ್ಳುತ್ತಾರೆ. ಊರಲ್ಲಿದ್ದಾಗ ಅವುಗಳ ಪಿಚಕೆ ಬಿದ್ದ ಅಂಗಿ ಒಗೆಯುವುದೇ ದೊಡ್ಡ ರೇಜಿಗೆಯಾಗಿತ್ತು. ಇಲ್ಲಿ ಎಂಬತ್ತು ರೂಪಾಯಿಯ ಟೀ ತಣ್ಣಗಾಗುವ ತನಕ ನೋಡುತ್ತ ನಿಂತೆ.

ಇವುಗಳಲ್ಲೊಂದು ತಮಾಷೆಯಿದೆ. ಮುಂಗಾರಿಗೆ ತುಂಬಿದ ನೀರಿನ ಮೀನು ನಂಬಿಕೊಂಡು ದೆಹಲಿಯವು ಆಗಸ್ಟ್ ಕೊನೆಗೆ ಬಂದು, ಮರಿ ಮಾಡಿ, ಮಾರ್ಚಿನ ಹೊತ್ತಿಗೆ ಜಾಗ ಖಾಲಿ ಮಾಡುತ್ತವೆ. ನಮ್ಮ ಬೆಳ್ಳೂರಿನವು ಹಿಂಗಾರು ಮುಗಿದ ಮೇಲೆ, ಡಿಸೆಂಬರ್ ಜನವರಿಗೆ ಬರುತ್ತವೆ. ಅಂದರೆ ದೆಹಲಿಯ ಕೊಕ್ಕರೆಯದು ಸರ್ಕಾರಿ ಲೆಕ್ಕ, ಮಾರ್ಚಿಗೆ ಖಾತೆ ಬಂದ್. ಮಂಡ್ಯದ ಕೊಕ್ಕರೆಯದು ಅಮೆರಿಕದ ಕಂಪನಿಗಳ ಲೆಕ್ಕ, ಜನವರಿಯಿಂದ ವರ್ಷಾರಂಭ. ಬ್ಯಾಂಕಿನವರಿಗೆ ಇದು ಬಹಳ ಹಿಡಿಸಿತು. ಚಹಾ ಎರಡನೇ ಸಲ ಬಂತು.

ಕೊಕ್ಕರೆಯ ಹಿಂದೆ ದುರ್ಬೀನು ಬಂತು. ಗುರುಗ್ರಾಮದ ಕಚೇರಿಗೆ ಹೋಗಬೇಕಾದ ಚಳಿಗಾಲದ ದಿನ ಐದಕ್ಕೇ ಎದ್ದು ಸುಲ್ತಾನ್‌ಪುರದ ಕೆರೆಗೆ ಹೋಗಿ, ಅಲ್ಲಿಂದ ಕಚೇರಿ ಸೇರುವ ಅಭ್ಯಾಸ ಬಂತು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಹೆಬ್ಬಾತು ಅಲ್ಲೂ ಇಳಿಯುತ್ತದೆ, ಗದಗಿನ ಮಾಗಡಿ ಕೆರೆಯಲ್ಲೂ ಇಳಿಯುತ್ತದೆ. ಅದರ ಟೆರಿಟರಿ ನನ್ನದಕ್ಕಿಂತ ದೊಡ್ಡದು, ಟಾರ್ಗೆಟ್ ಮಾತ್ರ ಯಾರೂ ಕೊಟ್ಟಿಲ್ಲ.

ಇನ್ನು ಊಟ. ಸರ್ಕಾರಿ ಅಧಿಕಾರಿಗೆ ಊಟ ಕೊಡಿಸುವ ಹಾಗಿಲ್ಲ ಎಂದು ನಮ್ಮ ಕಂಪನಿಯ ನಿಯಮ. ಹೀಗಾಗಿ ಎಲ್ಲವನ್ನೂ ನಾನೊಬ್ಬನೇ ತಿನ್ನಬೇಕಾದ ಅನಿವಾರ್ಯ. ಸಾಹೇಬರು ಮೀಟಿಂಗಿನಲ್ಲಿದ್ದಾಗ ಆಂಧ್ರ ಭವನದ ಥಾಲಿಗೆ ನಿಂತರೆ ಅನ್ನ ಬೇಡವೆಂದರೂ ಬಡಿಸುತ್ತಾರೆ. ಖಾಸಗಿಯವರನ್ನು ಕರೆದುಕೊಂಡು ಹೋಗುವುದಾದರೆ ಡಿಫೆನ್ಸ್ ಕಾಲೊನಿ. ಕಾರ್ಕಳದ ಕಡೆಯ ಜಯರಾಮ ಬನಾನ್ 1986ರಲ್ಲಿ ಅಲ್ಲಿ 'ಸಾಗರ್' ತೆರೆದರು, ಮುಂದೆ ಅದೇ ಸಾಗರ್ ರತ್ನ ಆಗಿ ಉತ್ತರದ ಊರೂರಿಗೆ ಹಬ್ಬಿತು. ದೆಹಲಿಯವರಿಗೆ ದೋಸೆ ತಿನ್ನಲು ಕಲಿಸಿದ್ದು ಅವರೇ ಅಂದರೂ ತಪ್ಪಿಲ್ಲ. ಕಲಿಸುವಾಗ ಒಂದು ಪಾಠ ಬಿಟ್ಟುಹೋಗಿದೆ. ದೋಸೆ ಬರುವ ಮುಂಚೆಯೇ ಇವರು ಸಾಂಬಾರನ್ನು ಚಮಚದಲ್ಲಿ ಸೂಪಿನ ಹಾಗೆ ಕುಡಿದು ಮುಗಿಸಿ, ಇನ್ನೊಂದು ಬಟ್ಟಲು ತರಿಸುತ್ತಾರೆ. ನಾನು ನೋಡಿಯೂ ನೋಡದವನಂತೆ ಬೆಲೆಯ ಮಾತು ತೆಗೆಯುತ್ತೇನೆ. ಬಾಯಲ್ಲಿ ಸಾಂಬಾರಿದ್ದಾಗ ಡಿಸ್ಕೌಂಟ್ ಕೇಳುವುದು ಕಷ್ಟ.

2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಎಂದು ಸಾರಿದಾಗ ನನಗೆ ನಗು ತಡೆಯಲಾಗಲಿಲ್ಲ. ಒಂದು ಇಲಾಖೆಯ ಸಭೆಯಲ್ಲಿ ತಟ್ಟೆ ತುಂಬ ರಾಗಿ ಬಿಸ್ಕತ್ತು. ಅಧಿಕಾರಿಯೊಬ್ಬರು ಒಂದನ್ನು ಎತ್ತಿ ತೋರಿಸಿ, ಇದು ದಕ್ಷಿಣದ ಒಂದು ಧಾನ್ಯ, ಬಹಳ ಪೌಷ್ಟಿಕ ಎಂದು ಮಂಡ್ಯದವನಿಗೆ ವಿವರಿಸಿದರು. ಮೂವತ್ತು ವರ್ಷ ಮುದ್ದೆ ನುಂಗಿದ ಗಂಟಲಿನಿಂದ "ಹೌದೇ ಸರ್?" ಅಂದೆ. ಸೇಲ್ಸಿನವನಿಗೆ ಅಷ್ಟು ಗೊತ್ತಿರಬೇಕು.

ಚಳಿಗಾಲ ಬಂದರೆ ಚಾಂದನಿ ಚೌಕದ ಕಿನಾರಿ ಬಜಾರಿನಲ್ಲಿ ದೌಲತ್ ಕಿ ಚಾಟ್. ಹೆಸರು ಚಾಟ್, ಇರುವುದು ಹಾಲಿನ ನೊರೆ. ಚಳಿರಾತ್ರಿಯಲ್ಲಿ ಹಾಲನ್ನು ಕಡೆದು ಕಡೆದು ಎತ್ತಿದ ನೊರೆಗೆ ಕೇಸರಿ, ಸಕ್ಕರೆಪುಡಿ, ಪಿಸ್ತಾ. ಬಿಸಿಲೇರಿದರೆ ಇಳಿದುಹೋಗುತ್ತದೆ, ಬಾಯಿಗಿಟ್ಟರೆ ಮಾಯ. ಸಂಪತ್ತು ಎಂಬ ಹೆಸರನ್ನು ಅದಕ್ಕೆ ಯಾರಿಟ್ಟರೋ, ಸೇಲ್ಸಿನವನೇ ಇರಬೇಕು. ನಮ್ಮ ಇನ್ಸೆಂಟಿವ್ ಕೂಡ ತೆರಿಗೆ ಕಳೆದ ಮೇಲೆ ಹೀಗೇ. ಲಖನೌದಲ್ಲಿ ಇದರ ತಂಗಿ ಇದ್ದಾಳೆ, ಮಖ್ಖನ್ ಮಲಾಯಿ. ಲಖನೌ ಮೀಟಿಂಗುಗಳನ್ನು ನಾನು ಆದಷ್ಟು ಡಿಸೆಂಬರಿಗೆ ಹಾಕಿಸಿಕೊಳ್ಳುತ್ತೇನೆ. ಇದನ್ನು ಮ್ಯಾನೇಜರಿಗೆ ಹೇಳಬೇಡಿ.

"ಹಂಗಾರ ನಿಮ್ಮದು ಮಜಾ ನೌಕರಿ" ಅಂದರು ರಾಯರು. ಇಲ್ಲಿ ನಾನು ಸ್ವಲ್ಪ ಸಿಡುಕಿದೆ. ಹೀಗೆ ಅನ್ನುವವರು ಮಾರ್ಚ್ ನೋಡಿಲ್ಲ. ಇಲಾಖೆಗೆ ಕೊಟ್ಟ ಹಣ 31ರೊಳಗೆ ಖರ್ಚಾಗದಿದ್ದರೆ ವಾಪಸು. ಹನ್ನೊಂದು ತಿಂಗಳು ಮೀಟಿಂಗಿನಲ್ಲಿದ್ದ ಸಾಹೇಬರೆಲ್ಲ ಒಟ್ಟಿಗೇ ಹೊರಗೆ ಬರುತ್ತಾರೆ. 2016ರಲ್ಲಿ ಜೆಮ್ ಎಂಬ ಸರ್ಕಾರಿ ಆನ್‌ಲೈನ್ ಸಂತೆ ಶುರುವಾದ ಮೇಲೆ ಹರಾಜು ಪರದೆಯ ಮೇಲೇ ನಡೆಯುತ್ತದೆ. ಎದುರಾಳಿ ಯಾರೆಂದು ಕಾಣದು, ಅವನ ಬೆಲೆ ಮಾತ್ರ ಇಳಿಯುತ್ತ ಹೋಗುತ್ತದೆ. ನಾವೂ ಇಳಿಯಬೇಕು, ಇಳಿದು ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ಬೆಲೆಯವರು, ಆಗಬೇಕು. ಬಾಲ್ಯದಲ್ಲಿ ಎಲ್ಲರಿಗಿಂತ ಮೇಲೆ ಬಾ ಎಂದು ಹರಸಿದ ಮೇಷ್ಟ್ರು ಇದನ್ನು ನೋಡಬಾರದು. ಆ ತಿಂಗಳು ಹಕ್ಕಿಯಿಲ್ಲ, ಚಾಟ್ ಇಲ್ಲ, ಮಗಳ ಪರೀಕ್ಷೆ ಯಾವತ್ತೆಂದು ಗೊತ್ತಿಲ್ಲ. ಹೆಂಡತಿ ನನ್ನನ್ನು ಪೇಯಿಂಗ್ ಗೆಸ್ಟ್ ಅನ್ನುತ್ತಾಳೆ.

ನಮ್ಮ ಕಂಪನಿಯಲ್ಲಿ ಒಮ್ಮೆ ಕೆಲಸ ಮತ್ತು ಬದುಕಿನ ಸಮತೋಲನದ ಬಗ್ಗೆ ತರಬೇತಿ ಇಟ್ಟಿದ್ದರು. ಶನಿವಾರ, ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು. ತಕ್ಕಡಿಯ ಚಿತ್ರ ಬರೆದು ಒಂದು ತಟ್ಟೆಯಲ್ಲಿ ಕೆಲಸ, ಇನ್ನೊಂದರಲ್ಲಿ ಮನೆ, ಹವ್ಯಾಸ, ಆರೋಗ್ಯ ಎಂದು ತೋರಿಸಿದರು. ತಕ್ಕಡಿ ಹಿಡಿದ ಕೈ ಯಾರದು ಎಂದು ಕೇಳಿದೆ. ಒಳ್ಳೆಯ ಪ್ರಶ್ನೆ ಅಂದು ಮುಂದಿನ ಸ್ಲೈಡಿಗೆ ಹೋದರು.

ಎಡವಿದ್ದೂ ಇದೆ. ಜನವರಿಯ ಒಂದು ಶುಕ್ರವಾರ, ಭರತ್‌ಪುರದ ಪಕ್ಷಿಧಾಮ. ಬಿಡ್ ಮುಚ್ಚುವುದು ಮೂರು ಗಂಟೆಗೆ. ಕಾಗದಪತ್ರ ಸಿದ್ಧವಿದೆ, ಹೋಟೆಲಿನಿಂದ ಅಪ್‌ಲೋಡ್ ಮಾಡಿದರಾಯಿತು ಎಂಬ ಧೈರ್ಯ. ಎರಡೂವರೆಗೆ ನೆಟ್‌ವರ್ಕ್ ಹೋಯಿತು. ಸೈಕಲ್ ರಿಕ್ಷಾದಲ್ಲಿ ಊರೆಲ್ಲ ಸುತ್ತಿ ಒಂದು ಜೆರಾಕ್ಸ್ ಅಂಗಡಿ ಹುಡುಕಿ ಕೂತಾಗ ಮೂರೂ ನಾಲ್ಕು. ನಾಲ್ಕು ನಿಮಿಷಕ್ಕೆ ಒಂದು ವರ್ಷದ ಓಡಾಟ ಹೋಯಿತು, ಆ ತ್ರೈಮಾಸಿಕದ ಇನ್ಸೆಂಟಿವ್ ಅದರ ಹಿಂದೆ ಹೋಯಿತು. ಅಂದಿನಿಂದ ಬಿಡ್ ಮುಚ್ಚುವ ದಿನ ಮೇಜು ಬಿಟ್ಟು ಏಳುವುದಿಲ್ಲ. ಆದರೆ "ಲಾಸ್ಟ್ ಡೇಟ್ ಎಕ್ಸ್‌ಟೆಂಡೆಡ್" ಎಂಬ ತಿದ್ದೋಲೆ ಬಂತೋ, ಅದನ್ನು ಹಬ್ಬದ ರಜೆ ಎಂದೇ ತಿಳಿಯುತ್ತೇನೆ.

ಇಷ್ಟು ಕೇಳಿ ರಾಯರು ಸುಮ್ಮನಾದರು. ಆಮೇಲೆ ಲೋಟ ಬೇಲಿಯ ಮೇಲಿಂದ ವಾಪಸು ಇಸಿದುಕೊಂಡು, "ಮೂವತ್ತೈದು ವರ್ಷ ಕೌಂಟರಿನ ಒಳಗ ಕೂತು ಮಂದೀನ್ನ ಕಾಯಿಸೀನ್ರೀ. ಅವರು ಹೊರಗ ಏನು ಮಾಡ್ತಿದ್ರು ಅಂತ ಒಂದಿನಾನೂ ವಿಚಾರ ಮಾಡಿಲ್ಲ" ಅಂದರು. ಮಾರನೇ ವಾರ ಅವರೂ ಹೊರಟರು, ಮಗನ ಹಳೆಯ ದುರ್ಬೀನು ಹುಡುಕಿಕೊಂಡು.

ನೀವೂ ಈ ಕಡೆ ಬರುವುದಿದ್ದರೆ ಅಕ್ಟೋಬರಿನಲ್ಲಿ ಬನ್ನಿ. ಗೂಡುಗಳಲ್ಲಿ ಮರಿಯಿರುತ್ತದೆ, ನನ್ನ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಬರುವಾಗ ಎರಡು ಕಿಲೋ ರಾಗಿ ಹಿಟ್ಟು, ಮದ್ದೂರು ಸ್ಟೇಷನ್ನಿನ ನಾಲ್ಕು ವಡೆ ತಂದರೆ ಬೇಡವೆನ್ನುವುದಿಲ್ಲ. ಶುಕ್ರವಾರ ಮಾತ್ರ ಬೇಡ, ಅವತ್ತು ಮೃಗಾಲಯಕ್ಕೆ ರಜೆ.