ಖಾಲಿ ಬಾಟಲಿಯ ತುಂಬು ಮಾತು

ಹಾರ್ಲಿಕ್ಸ್, ಜಾಮ್, ಕಾಫಿಪುಡಿ ಅಥವಾ ಉಪ್ಪಿನಕಾಯಿ ಮುಗಿದ ಮೇಲೂ ಮನೆ ಬಿಡದೆ ಬೇರೆ ಕೆಲಸಕ್ಕೆ ನೇಮಕವಾಗುವ ಪಾತ್ರೆಯೇ ಖಾಲಿ ಗಾಜಿನ ಬಾಟಲಿ. ನೀಲಗಿರಿಯ ಅರವಂಕಾಡಿನಲ್ಲಿ, ಕಾರ್ಡೈಟ್ ಕಾರ್ಖಾನೆಯ ಆಸುಪಾಸಿನ ಅಡುಗೆಮನೆಯೊಂದರಲ್ಲಿ ಅಂಥ ಬಾಟಲಿಯೊಂದರ ಸಂದರ್ಶನ ನಡೆಯಿತು. ಹಿರಿಯ ಅಧಿಕಾರಿಗಳ ಹಾಗೆ ಅದು ಎಲ್ಲಿಯೂ ‘ನಾನು’ ಎನ್ನಲಿಲ್ಲ.

ಪ್ರಶ್ನೆ: ತಮ್ಮ ವಂಶದ ಹಿನ್ನೆಲೆ?

ಬಾಟಲಿ: ಆಹಾರವನ್ನು ಗಾಜಿನ ಬಾಟಲಿಗೆ ತುಂಬಿ, ಬಿರಡೆ ಬಿಗಿದು, ಕುದಿನೀರಿನಲ್ಲಿಟ್ಟು ಕೆಡದಂತೆ ಕಾಯುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪೇರ್ 1810ರಲ್ಲಿ ಪ್ರಕಟಿಸಿದ. ಏಕೆ ಕೆಡುವುದಿಲ್ಲವೆಂದು ಅವನಿಗೆ ಗೊತ್ತಿರಲಿಲ್ಲ. ಅದನ್ನು ಪಾಶ್ಚರ್ ವಿವರಿಸಿದ್ದು ಸುಮಾರು ಅರ್ಧ ಶತಮಾನದ ಮೇಲೆ. 1858ರಲ್ಲಿ ಅಮೆರಿಕದ ಜಾನ್ ಮೇಸನ್ ತಿರುಪಿನ ಬಾಯಿಯ ಬಾಟಲಿಗೆ ಪೇಟೆಂಟ್ ಪಡೆದ.

ಪ್ರಶ್ನೆ: ಸೇವಾ ವಿವರ?

ಬಾಟಲಿ: ಮೊದಲ ಹುದ್ದೆ ಒಂದೆರಡು ತಿಂಗಳದ್ದು. ಎರಡನೆಯದಕ್ಕೆ ನಿವೃತ್ತಿ ವಯಸ್ಸಿಲ್ಲ. ಹುಣಸೆಹಣ್ಣು, ಸಾಸಿವೆ, ಸಾರಿನಪುಡಿ, ಗುಂಡಿ-ಸೂಜಿ, ಕೊನೆಗೆ ಕಿಟಕಿಯಲ್ಲಿ ಮನಿಪ್ಲಾಂಟ್. ಹೊರಗಿನ ಚೀಟಿಗೂ ಒಳಗಿನ ಸಾಮಾನಿಗೂ ಸಂಬಂಧವಿರಬೇಕೆಂಬ ನಿಯಮ ಯಾವ ಮನೆಯಲ್ಲೂ ಜಾರಿಯಲ್ಲಿಲ್ಲ.

ಪ್ರಶ್ನೆ: ವರ್ಗಾವಣೆಗೆ ಮುಂಚಿನ ವಿಧಿಗಳು?

ಬಾಟಲಿ: ಬಿಸಿನೀರಿನಲ್ಲಿ ನೆನೆಸಿದರೆ ಚೀಟಿ ಬಿಡುತ್ತದೆ. ಅಂಟು ಉಳಿದರೆ ಎಣ್ಣೆ ಸವರಿ ಉಜ್ಜಬೇಕು. ಗಾಜಿಗೆ ವಾಸನೆ ಹಿಡಿಯುವುದಿಲ್ಲ. ಮುಚ್ಚಳದೊಳಗಿನ ಮೆತ್ತನೆಯ ಪದರ ಹಿಡಿದದ್ದನ್ನು ಬಿಡುವುದಿಲ್ಲ. ಉಪ್ಪಿನಕಾಯಿಯ ಮುಚ್ಚಳವನ್ನು ಸಕ್ಕರೆ ಖಾತೆಗೆ ಹಾಕಿದರೆ ಟೀಗೆ ಇಂಗಿನ ಯೋಗ. ತಣ್ಣಗಿರುವ ಬಾಟಲಿಗೆ ಕುದಿವ ನೀರು ಹೊಯ್ಯಬಾರದು: ಒಳಮೈ ಹಿಗ್ಗುತ್ತದೆ, ಹೊರಮೈ ಹಿಗ್ಗದು, ನಡುವೆ ಬಿರುಕು.

ಪ್ರಶ್ನೆ: ಅರವಂಕಾಡಿನಲ್ಲಿ ವಿಶೇಷ ಕರ್ತವ್ಯಗಳಿವೆಯೆ?

ಬಾಟಲಿ: ಇವೆ. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಇಲ್ಲಿನ ಚಳಿಯಲ್ಲಿ ಕಿರುಗತ್ತಿನ ಸೀಸೆ ತಲೆಕೆಳಗಾಗಿ ನಿಂತರೂ ತೊಟ್ಟು ಇಳಿಯದು. ಚಮಚ ಹೋಗುವಷ್ಟು ಬಾಯಗಲವಿದ್ದ ಬಾಟಲಿಗೆ ಮರ್ಯಾದೆ. ಮಂಜು-ಮಳೆಯ ತಿಂಗಳುಗಳಲ್ಲಿ ಉಪ್ಪು ನೀರಾಗದಂತೆ, ಹಪ್ಪಳ ಮೆತ್ತಗಾಗದಂತೆ ಕಾಯುವುದೂ ಅದೇ. ಊರು 1,800 ಮೀಟರಿಗೂ ಎತ್ತರದಲ್ಲಿರುವುದರಿಂದ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ. ಕೆಳನಾಡಿನಲ್ಲಿ 10 ನಿಮಿಷ ಕುದಿಸಿ ಶುದ್ಧಮಾಡುವ ಬಾಟಲಿಯನ್ನು ಇಲ್ಲಿ 16 ನಿಮಿಷ ಕುದಿಸಬೇಕು.

ಪ್ರಶ್ನೆ: ಸರ್ಕಾರದ ಮನ್ನಣೆ?

ಬಾಟಲಿ: ತಮಿಳುನಾಡು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಸಾಮಾನುಗಳನ್ನು 2019ರ ಜನವರಿ 1ರಿಂದ ನಿಷೇಧಿಸಿತು, ನೀಲಗಿರಿಯಲ್ಲಿ ಪ್ಲಾಸ್ಟಿಕ್ ವಿರುದ್ಧದ ಬಿಗಿ ಅದಕ್ಕೂ ಹಳೆಯದು. ಆದರೆ ಮನ್ನಣೆ ಸಂದದ್ದು ಮದ್ಯದ ಬಾಟಲಿಗೆ. ಕಾಡಿನಲ್ಲಿ ಒಡೆದ ಸೀಸೆಗಳು ಆನೆಗಳ ಕಾಲಿಗೆ ಚುಚ್ಚುತ್ತಿದ್ದವು. ಮದ್ರಾಸ್ ಹೈಕೋರ್ಟಿನ ಮಧ್ಯಪ್ರವೇಶದ ಮೇಲೆ 2022ರ ಮೇ ತಿಂಗಳಿಂದ ನೀಲಗಿರಿಯ ಟಾಸ್ಮಾಕ್ ಎಂಬ ಸರ್ಕಾರಿ ಮದ್ಯದಂಗಡಿಗಳು ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ಬಾಟಲಿ ತಂದುಕೊಟ್ಟವರಿಗೆ ಮರಳಿಸತೊಡಗಿದವು. ಕುಡಿದು ಬಿಸಾಡುವವನನ್ನು ಬಾಟಲಿ ಹಿಡಿದು ವಾಪಸು ಬರುವಂತೆ ಮಾಡಲು ಕೋರ್ಟು, ಸರ್ಕಾರ, ಹತ್ತು ರೂಪಾಯಿ ಮೂರೂ ಬೇಕಾದವು. ಹಾರ್ಲಿಕ್ಸ್ ಬಾಟಲಿಯನ್ನು ಉಳಿಸಲು ಅಜ್ಜಿಯ ಒಂದು ‘ಇರಲಿ’ ಸಾಕಾಗಿತ್ತು.

ಪ್ರಶ್ನೆ: ಒಲ್ಲದ ಕೆಲಸಗಳು?

ಬಾಟಲಿ: ಮೂರು. ಒಲೆಯ ಉರಿ ಬೇಡ. ಫ್ರೀಜರಿನಲ್ಲಿ ಕಂಠಪೂರ್ತಿ ನೀರು ಬೇಡ. ಮಂಜುಗಡ್ಡೆಯಾಗುವಾಗ ನೀರು ನೂರಕ್ಕೆ ಒಂಬತ್ತರಷ್ಟು ಹಿಗ್ಗುತ್ತದೆ. ವರ್ಷಗಟ್ಟಲೆ ಇಡುವ ಜಾಮಿಗೆ ಹಳೆಯ ಮುಚ್ಚಳ ಬೇಡ. ಅದು ಎರಡನೆಯ ಸಲ ಗಾಳಿಯಾಡದಂತೆ ಕೂರುವುದೆಂಬ ಖಾತ್ರಿಯಿಲ್ಲ.

ಪ್ರಶ್ನೆ: ಒಡೆದ ಮೇಲೆ?

ಬಾಟಲಿ: ದಪ್ಪ ಕಾಗದದಲ್ಲಿ ಸುತ್ತಿ, ಕಸ ಒಯ್ಯುವವರ ಕೈ ಕೊಯ್ಯದಂತೆ ಹೇಳಿ ಬೇರೆಯಾಗಿ ಕೊಡಬೇಕು. ಗಾಜನ್ನು ಎಷ್ಟು ಸಲ ಕರಗಿಸಿದರೂ ಅದು ಮತ್ತೆ ಗಾಜೇ. ಪುಣ್ಯವಿದ್ದರೆ ಮುಂದಿನ ಜನ್ಮದಲ್ಲಿ ಬ್ರಾಂದಿ ಬಾಟಲಿಯಾಗಿ ಹುಟ್ಟಿ ಹತ್ತು ರೂಪಾಯಿ ಬೆಲೆ ಬಾಳಬಹುದು.